ಕೋಣ ಕೊಟ್ಟು ತಂದ ಜೀಪು

ಮಾವಳ್ಳಿಯಲ್ಲಿ ಯಾರ ಮನೆಗಾದರೂ ಸೈಕಲ್ ಬಂತೆಂದರೆ ನಾವು ಮಕ್ಕಳು ಉಣ್ಣುವುದನ್ನು ಬಿಟ್ಟು ನೋಡಲು ಓಡುತ್ತಿದ್ದ ಕಾಲ ಅದು. ಅಂಥ ದಿನಗಳಲ್ಲಿ ನನ್ನ ಅಪ್ಪ ಮಾಸ್ತಪ್ಪ, ಮನೆಯಲ್ಲಿದ್ದ ಒಂದೇ ಜೊತೆ ಉಳುವ ಕೋಣಗಳನ್ನು ಕೊಟ್ಟು ಹಳೆಯದೊಂದು ಮಿಲ್ಟ್ರಿ ಜೀಪು ತಂದ. ನಾನು ಮೂರನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟ ಬೇಸಿಗೆ. ಗೇರುಹಣ್ಣು ಬೀಳುತ್ತಿದ್ದವು.

ಜೀಪು ತನ್ನಷ್ಟಕ್ಕೆ ಬರಲಿಲ್ಲ. ಅದು ಕಾಯ್ಕಿಣಿಯ ಸುಬ್ರಾಯ ಒಡೆಯರ ತೋಟದಲ್ಲಿ ಗೇರುಮರದ ಕೆಳಗೆ ವರ್ಷಗಟ್ಟಲೆ ಬಿದ್ದಿತ್ತು. ನಮ್ಮ ಕೋಣಗಳೇ ಅದನ್ನು ಮಾವಳ್ಳಿಯವರೆಗೆ ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದವು. ಆಮೇಲೆ ಒಡೆಯರ ಆಳು ಅವುಗಳ ಹಗ್ಗ ಹಿಡಿದುಕೊಂಡು ಹೊರಟ. ಅವ್ವ ಜೀಪಿನ ಕಡೆ ತಿರುಗಿಯೂ ನೋಡಲಿಲ್ಲ. ಕೋಣಗಳಿಗೆ ಅಕ್ಕಿ ತೊಳೆದ ಅಕ್ಕಚ್ಚು ಕುಡಿಸಿ, ಕುತ್ತಿಗೆ ತುರಿಸಿ ಕಳಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಇದ್ರ ಬಾಯಿಗೆ ಹುಲ್ಲು ಹಾಕಿದ್ರೆ ಗದ್ದೆ ಹೂಡ್ತದಾ?"

"ಇದು ನಾಲ್ಕು ಚಕ್ರದಲ್ಲೂ ಎಳೀತದೆ ಮಾರಾಯ್ತಿ. ಬಾಡಿಗೆಗೆ ಓಡಿಸ್ವ. ಹೂಡೂಕೆ ಬೇರೇರ ಕೋಣ ತರ್ವ."

"ಬೇರೇರ ಕೋಣ! ಮಳೆ ಬಿದ್ದ ದಿನ ಯಾರು ಕೊಡ್ತ್ರು? ಕೇಳಿ, ನಮ್ಮ ಗದ್ದೆ ಹೂಟಿ ಆಗ್ಲಿಲ್ಲಂದ್ರೆ ನಾ ಮಕ್ಳು ಕರ್ಕಂಡು ತದಡಿಗೆ ಹೋತೆ. ನೀವು ಈ ಕಬ್ಬಿಣ ತಬ್ಕಂಡು ಮಲ್ಗಿ."

ತದಡಿ ಅವ್ವನ ತವರುಮನೆ. ಅವ್ವ ಹೇಳಿದ್ದನ್ನು ಮಾಡುವ ಹೆಂಗಸು. ವರ್ಷದ ಅನ್ನ ಆ ಗದ್ದೆಯಿಂದಲೇ ಬರಬೇಕಿತ್ತು. ಅಪ್ಪನ ಮುಖ ಅವತ್ತು ಸಣ್ಣದಾದದ್ದನ್ನು ನಾನು ನೋಡಿದೆ.

ಊರಿನವರಿಗೆ ಹಬ್ಬ. ಮೀನು ಹೊತ್ತುಕೊಂಡು ಹೋಗುವ ಹೆಂಗಸರೂ ಬೇಲಿಯಾಚೆ ನಿಂತು ಒಂದು ಮಾತು ಆಡಿಯೇ ಮುಂದೆ ಹೋಗುತ್ತಿದ್ದರು. ಎಲ್ಲರಿಗಿಂತ ಜೋರು ದುರ್ಗಪ್ಪಣ್ಣ. ಗದ್ದೆ, ಕೋಣ, ಆಳುಗಳ ಜೊತೆಗೆ ಕಡಲ ಬದಿಯಲ್ಲಿ ಅವನದು ದೊಡ್ಡ ಬಲೆ, ದೊಡ್ಡ ದೋಣಿ, ಅದಕ್ಕಿಂತ ದೊಡ್ಡ ಬಾಯಿ.

"ಏ ಮಾಸ್ತಪ್ಪಾ, ನಿನ್ನ ಹೊಸ ಕೋಣ ಸಗಣಿ ಹಾಕ್ತದಾ? ಗದ್ದೆಗೆ ಗೊಬ್ಬರ ಬೇಕಲ್ಲ!"

ಅಪ್ಪ ಭಟ್ಕಳದಿಂದ ಇಸ್ಮಾಯಿಲ್ ಮಿಸ್ತ್ರಿಯನ್ನು ಕರೆತಂದ. ಮಿಸ್ತ್ರಿಗೆ ಮಾತು ಹೆಚ್ಚು, ಊಟ ಅದಕ್ಕಿಂತ ಹೆಚ್ಚು. ಅವ್ವನ ಬಂಗಡೆ ಸಾರು ಉಂಡು ಕೈ ನೆಕ್ಕುತ್ತ, "ಅರೇ ಅಕ್ಕ, ಈ ಸಾರು ಸಿಕ್ಕೂದಾದ್ರೆ ನಾನು ಎರಡು ತಿಂಗಳ ಕೆಲಸ ನಾಲ್ಕು ತಿಂಗಳು ಮಾಡ್ತೆ" ಎನ್ನುತ್ತಿದ್ದ. "ಮಳೆ ಬರೂದ್ರೊಳಗೆ ಮುಗ್ಸು, ಇಲ್ದಿದ್ರೆ ನಾಳಿಂದ ಗಂಜಿನೀರು" ಎಂದು ಅವ್ವ ಹೇಳಿದ ಮೇಲೆ ಕೈ ಚುರುಕಾಯಿತು.

ಜೀಪಿನ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಎಂಜಿನು ಬಿಚ್ಚಿ ಒಂದೊಂದೇ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸಂಡಿಗೆ ಒಣಗಿಸುವ ಚಾಪೆಯ ಮೇಲೆ ಸಾಲಾಗಿ ಇಟ್ಟರು. ಚಾಪೆ ಕಾಯುವ ಕೆಲಸ ನನ್ನದು. ತುಕ್ಕು ತೆಗೆಯುವುದೂ ನನ್ನದೇ. ಮನೆಯ ಹಿತ್ತಾಳೆ ಪಾತ್ರೆಗಳನ್ನು ನಾವು ಬಿಂಬುಳಿ ಕಾಯಿಯ ಹುಳಿಯಲ್ಲಿ ತಿಕ್ಕುತ್ತಿದ್ದೆವು. ಅದೇ ಕಾಯಿ ಜಜ್ಜಿ, ತೆಂಗಿನ ನಾರು ಹಿಡಿದು ಜೀಪಿಗೂ ತಿಕ್ಕಿದೆ. ಬೆರಳ ಸಂದಿಯೆಲ್ಲ ಉರಿ. ಆದರೆ ಕೆಂಪು ತುಕ್ಕಿನ ಕೆಳಗೆ ಹೊಳೆಯುವ ಕಬ್ಬಿಣ ಕಂಡಾಗ ಉರಿ ಮರೆತುಹೋಗುತ್ತಿತ್ತು.

ಅಡಿಭಾಗಕ್ಕೆ ಏನು ಬಳಿಯುವುದು? ಮಿಸ್ತ್ರಿ ಬಣ್ಣ ಎಂದ. ಅಪ್ಪ ಕೇಳಲಿಲ್ಲ. "ಉಪ್ಪುನೀರಲ್ಲಿ ಇರೂ ದೋಣಿಗೆ ಎಂತ ಹಚ್ತ್ರು? ಮೀನೆಣ್ಣೆ. ಇದ್ಕೂ ಅದೇ ಆತು" ಎಂದು ಬೈಗೆಯ ಎಣ್ಣೆಯನ್ನು ಡಬ್ಬಗಟ್ಟಲೆ ಬಳಿದ. ಬೈಗೆ ಎಂದರೆ ಬೂತಾಯಿ ಮೀನು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಕೇರಿಯ ಬೆಕ್ಕುಗಳೆಲ್ಲ ಜೀಪಿನ ಕೆಳಗೆ ಮಲಗಿ ಅದನ್ನು ನೆಕ್ಕುತ್ತಿದ್ದವು. ಮಿಸ್ತ್ರಿ ಮೂಗಿಗೆ ಟವೆಲು ಕಟ್ಟಿಕೊಂಡು ಕೆಲಸ ಮಾಡಿದ. ತುಕ್ಕು ಮಾತ್ರ ಮತ್ತೆ ಆ ಕಡೆ ಸುಳಿಯಲಿಲ್ಲ.

ಎಂಜಿನು ಮೊದಲ ಸಲ ಕೆಮ್ಮಿ ಹೊತ್ತಿಕೊಂಡಾಗ ಕೋಳಿಗಳು ಮನೆಯ ಮಾಡಿನ ಮೇಲೆ ಹಾರಿದವು. ಅಪ್ಪ ಆ ಖುಷಿಯಲ್ಲೇ ಜೀಪನ್ನು ಕಡಲ ಬದಿಗೆ ಓಡಿಸಿದ. ದಂಡೆಯ ಮರಳು, ಅಂದರೆ ನಮ್ಮ ಹೊಯಿಗೆ, ಶುರುವಾಗುತ್ತಲೇ ಹಿಂದಿನ ಚಕ್ರಗಳು ಸುತ್ತಿ ಸುತ್ತಿ ಹೂತುಹೋದವು. ಮುಂದಿನವು ಅಲ್ಲಾಡಲಿಲ್ಲ. ಮಿಸ್ತ್ರಿ ಕೆಳಗೆ ತೆವಳಿ ನೋಡಿ ತಲೆಗೆ ಕೈ ಹಚ್ಚಿಕೊಂಡ.

"ಮಾಸ್ತಪ್ಪಣ್ಣ, ಮುಂದಿನ ಶಾಫ್ಟೇ ಇಲ್ಲ! ನಾನು ಎಂಜಿನಿನ ಹಿಂದೇ ಬಿದ್ದೆ, ಇದನ್ನ ನೋಡ್ಲೇ ಇಲ್ಲ. ಮುಂದಿನ ಚಕ್ರಕ್ಕೆ ಎಳೂಕೆ ಹೇಳೋರೇ ಇಲ್ಲ ಇದ್ರಲ್ಲಿ."

ಹೊಸ ಶಾಫ್ಟು ಭಟ್ಕಳ, ಹೊನ್ನಾವರ, ಕುಮಟಾ ಎಲ್ಲಿಯೂ ಸಿಗಲಿಲ್ಲ. ಅದು ಹೇಗಿರುತ್ತದೆ ಎಂದು ನಾನು ಕೇಳಿದ್ದಕ್ಕೆ ಮಿಸ್ತ್ರಿ ಜಗಲಿಯ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದ. ಉದ್ದ ಕೊಳವೆ, ಎರಡೂ ತುದಿಗೆ ಕತ್ತರಿ ಹಾಕಿದ ಹಾಗೆ ಕಬ್ಬಿಣ. ದಿನಾ ಜಗಲಿ ಗುಡಿಸುವವಳು ನಾನೇ ಆದ್ದರಿಂದ ದಿನಾ ಅದನ್ನೇ ನೋಡಿದೆ.

ಆ ಹೊತ್ತಿಗೆ ಅವ್ವ ತದಡಿಗೆ ಒಯ್ಯುವ ಬಟ್ಟೆಯ ಗಂಟು ಕಟ್ಟಿಟ್ಟಿದ್ದಳು. ಹೋಗುವ ಮೊದಲು ಕೋಣಗಳನ್ನೊಮ್ಮೆ ನೋಡಬೇಕೆಂದು ಗೇರುಹಣ್ಣಿನ ಬುಟ್ಟಿ ಹೊತ್ತು ಕಾಯ್ಕಿಣಿಗೆ ಹೊರಟಳು. ನನ್ನನ್ನೂ ಕರೆದೊಯ್ದಳು. ಒಡೆಯರ ತೋಟದಲ್ಲಿ ಬಾವಿಯಿಂದ ಏತದಲ್ಲಿ ನೀರೆತ್ತುತ್ತಿದ್ದರು. ಉದ್ದ ಮರದ ಒಂದು ತುದಿಗೆ ನೀರಿನ ಮರಿಗೆ, ಇನ್ನೊಂದು ತುದಿಗೆ ಭಾರಕ್ಕೆಂದು ಕಲ್ಲು ಕಟ್ಟುವುದು ರೂಢಿ. ಅಲ್ಲಿ ಕಲ್ಲಿನ ಜೊತೆಗೆ ಇನ್ನೇನನ್ನೋ ತೆಂಗಿನ ಹಗ್ಗದಲ್ಲಿ ಬಿಗಿದಿದ್ದರು. ಅದು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಿಂತೆ. ಕೊಳವೆ. ಎರಡೂ ತುದಿಗೆ ಕತ್ತರಿ.

"ಅವ್ವಾ! ನಮ್ಮ ಜಗಲಿ ಮೇಲೆ ಬರ್ದದ್ದು!"

ಅವ್ವ ಒಮ್ಮೆ ನೋಡಿದಳು. ಬುಟ್ಟಿ ಇಳಿಸಿದಳು. ಸೀದಾ ಒಡೆಯರ ಮುಂದೆ ಹೋಗಿ ನಿಂತಳು.

"ಒಡೆಯರೇ, ನಮ್ಮ ಜೀಪಿನ ಶಾಫ್ಟು ನಿಮ್ಮ ಏತಕ್ಕೆ ಎಂತಕೆ ಕಟ್ಟೀರಿ?"

"ಅದಾ? ಪೆಟ್ರೋಲು ಉಳೀಲಿ ಹೇಳಿ ನಾ ಯಾವಾಗ್ಲೋ ಬಿಚ್ಚಿಸಿ ಹಾಕಿದ್ದು. ಒಂದು ಕಬ್ಬಿಣದ ತುಂಡು, ಅದ್ಕೆಂತ ಈಗ?"

"ನಾವು ಕೋಣ ಕೊಡುವಾಗ ಬಾಲ ಕಡ್ದು ಮನೇಲಿ ಇಟ್ಕಂಡಿದ್ವಾ?"

ನೀರೆತ್ತುವ ಆಳು ಕಿಸಕ್ಕನೆ ನಕ್ಕ. ಒಡೆಯರಿಗೂ ನಗು ಬಂತು. ಏತದ ಭಾರಕ್ಕೆ ಒಡೆದ ರುಬ್ಬುಗಲ್ಲೊಂದನ್ನು ಕಟ್ಟಿಸಿ ಶಾಫ್ಟು ಬಿಚ್ಚಿಕೊಟ್ಟರು. ಅವ್ವ ಅದನ್ನು ಗೇರುಹಣ್ಣಿನ ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತು ಮಾವಳ್ಳಿಯವರೆಗೆ ನಡೆದಳು. ಮನೆಗೆ ಬಂದವಳೇ ಬುಟ್ಟಿಯನ್ನು ಅಪ್ಪನ ಕಾಲಬುಡದಲ್ಲಿ ಇಳಿಸಿ, "ತಕಣಿ, ನಿಮ್ಮ ಕೋಣದ ಮುಂದಿನ ಕಾಲು" ಎಂದಳು. ಬಟ್ಟೆಯ ಗಂಟು ಮಾತ್ರ ಬಿಚ್ಚಲಿಲ್ಲ.

ಮಿಸ್ತ್ರಿ ಶಾಫ್ಟು ತೊಳೆದು, ಸವೆದದ್ದನ್ನು ಬದಲಿಸಿ ಕೂರಿಸಿದ. ಅಷ್ಟರಲ್ಲಿ ಮೋಡ ಬಂತು.

ಮಳೆಗೆ ಮೊದಲು ದೋಣಿಗಳನ್ನೆಲ್ಲ ಕಡಲಿನಿಂದ ದೂರ, ದಂಡೆಯ ಮೇಲೆ ಎಳೆದು ಇಡಬೇಕು. ಕೇರಿಯವರೆಲ್ಲ ಹಗ್ಗ ಹಿಡಿದು ಐಲೇಸಾ ಹೇಳಿ ಎಳೆಯುವ ಕೆಲಸ ಅದು. ಆ ಸಲ ಕಡಲು ದಿನಕ್ಕಿಂತ ಮೊದಲೇ ಎದ್ದಿತು. ಸಣ್ಣ ದೋಣಿಗಳು ಮೇಲೆ ಬಂದವು. ದುರ್ಗಪ್ಪಣ್ಣನ ದೊಡ್ಡ ದೋಣಿ ಅರ್ಧಕ್ಕೇ ಹೊಯಿಗೆಯಲ್ಲಿ ಕುಂತಿತು. ಜನರ ಕೈ ಸೋತಿತ್ತು, ತೆರೆ ಬಂದು ದೋಣಿಯ ಹಿಂಬದಿಗೆ ಬಡಿಯುತ್ತಿತ್ತು. ಅಪ್ಪ ಜೀಪು ತಂದ. ನಾನು ಪಕ್ಕದಲ್ಲಿ ಕೂತಿದ್ದೆ.

"ಮಾಸ್ತಪ್ಪಾ, ಇದ್ನೂ ನಾವೇ ಎಳ್ದು ತೆಗೀಬೇಕಾದೀತು!" ದುರ್ಗಪ್ಪಣ್ಣನ ಬಾಯಿ ಆಗಲೂ ಸುಮ್ಮನಿರಲಿಲ್ಲ. ಹಗ್ಗ ಮಾತ್ರ ತಾನೇ ತಂದು ಕಟ್ಟಿದ.

ಅಪ್ಪ ಸಣ್ಣ ಗಿಯರು ಹಾಕಿದ. ಎಂಜಿನು ನರಳಿತು, ಹಗ್ಗ ಬಿಗಿಯಿತು. ಹಿಂದಿನ ಚಕ್ರ ಹೊಯಿಗೆ ತೋಡತೊಡಗಿತು. ಅಪ್ಪ ಎಲ್ಲ ಮರೆತು ಕೈ ಹೊರಗೆ ಹಾಕಿ ಜೀಪಿನ ಪಕ್ಕೆಗೆ ಪಟಪಟ ಹೊಡೆದು, "ಹೋ! ಹೋ! ಬಾ ಮಗನೇ!" ಎಂದು ಕೋಣಕ್ಕೆ ಕೂಗುವ ಹಾಗೆಯೇ ಕೂಗಿದ. ಮುಂದಿನ ಚಕ್ರ ಹೊಯಿಗೆ ಕಚ್ಚಿತು. ನಾನು ಕೂತ ಜಾಗ ನಡುಗಿತು. ಹಿಂತಿರುಗಿ ನೋಡಿದರೆ ಆ ದೊಡ್ಡ ದೋಣಿ ಮೂತಿ ಎತ್ತಿಕೊಂಡು ನಮ್ಮ ಹಿಂದೆ ಬರುತ್ತಿತ್ತು. ಜನರಿಂದ ಎದ್ದ ಕೂಗು ಕಡಲಿಗಿಂತ ಜೋರಾಗಿತ್ತು.

ದುರ್ಗಪ್ಪಣ್ಣ ಓಡಿಬಂದು ಅಪ್ಪನ ಕೈ ಹಿಡಿದ. "ಎಂತ ಕೊಡ್ಲೋ ನಿಂಗೆ?"

ಅಪ್ಪ ಬಾಯಿ ತೆರೆಯುವ ಮೊದಲು ಜನರ ನಡುವಿನಿಂದ ಅವ್ವನ ದನಿ ಬಂತು. "ಎಂತದೂ ಬೇಡ. ಮುಯ್ಯಿಗೆ ಮುಯ್ಯಿ. ಮಳೆ ಬಿದ್ದ ಮಾರನೇ ದಿನ ನಿಮ್ಮ ಗದ್ದೆ ಕೋಣ, ನಿಮ್ಮ ಆಳು, ಮೊದ್ಲು ನಮ್ಮ ಗದ್ದೆಗೆ."

"ಆತು ತಂಗಿ, ಆತು!"

ಮಳೆ ಬಿದ್ದ ಮಾರನೇ ದಿನ ಬಂದದ್ದು ಅವನೊಬ್ಬನೇ ಅಲ್ಲ. ನಗಾಡಿದವರೆಲ್ಲ ತಮ್ಮ ತಮ್ಮ ಕೋಣಗಳನ್ನು ಹೊಡೆದುಕೊಂಡು ಬಂದರು. ಊರಲ್ಲಿ ಎಲ್ಲರಿಗಿಂತ ಮೊದಲು ಹೂಟಿ ಮುಗಿದದ್ದು ಕೋಣವಿಲ್ಲದ ನಮ್ಮ ಗದ್ದೆ. ಅವರಿಗೆಲ್ಲ ಗಂಜಿ, ಸುಟ್ಟ ಒಣಮೀನಿನ ಚಟ್ನಿ ಒಯ್ಯಲು ಅವ್ವ ಮೊದಲ ಸಲ ಜೀಪು ಹತ್ತಿದಳು. ಗಂಜಿಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಣಿಯ ಹಾಗೆ ಕೂತಳು. ಸ್ವಲ್ಪ ದೂರ ಹೋದ ಮೇಲೆ ಅಪ್ಪನಿಗೆ, "ಇದು ಇಷ್ಟೇಯಾ? ಇನ್ನೂ ಜೋರು ಹೋತಿಲ್ವಾ?" ಎಂದು ಕೇಳಿದಳು.

ಆ ಜೀಪು ಬಹಳ ವರ್ಷ ದುಡಿಯಿತು. ಬಸುರಿಯರನ್ನು ಹೊನ್ನಾವರಕ್ಕೆ ಒಯ್ದಿತು, ಮದುಮಕ್ಕಳನ್ನು ಮೀನೆಣ್ಣೆ ವಾಸನೆಯ ಜೊತೆಗೇ ಮನೆ ಮುಟ್ಟಿಸಿತು. ಕೊನೆಗೆ ಗುಜರಿಗೆ ಹೋಯಿತು. ಅದಕ್ಕೆ ನನಗೆ ಬೇಸರವಿಲ್ಲ, ಕಬ್ಬಿಣ ಎಂದಮೇಲೆ ಒಂದು ದಿನ ಹೋಗುವುದೇ.

ಹೋದ ವರ್ಷ ನನ್ನ ಮೊಮ್ಮಗನ ಹೊಸ ಕಾರು ಅದೇ ದಂಡೆಯಲ್ಲಿ ಹೊಯಿಗೆಗೆ ಸಿಕ್ಕಿತು. ಸುತ್ತ ಜನ ಸೇರಿದರು. ಯಾರೂ ನಗಾಡಲಿಲ್ಲ, ಯಾರೂ ಬೈಯಲಿಲ್ಲ, ಫೋನು ಎತ್ತಿ ಹಿಡಿದು ಸುಮ್ಮನೆ ನಿಂತರು. ಎಳೆಯಲು ಭಟ್ಕಳದಿಂದ ಕ್ರೇನು ಬರುತ್ತದೆ ಎಂದರು. ನಾನು ಕೋಲೂರಿಕೊಂಡು ಹೋಗಿ ಕೇಳಿದೆ, ಒಂದು ಹಗ್ಗ ತನ್ನಿ, ಇಷ್ಟು ಜನ ಇದ್ದೀರಲ್ಲ ಎಂದು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಹಗ್ಗ ಯಾರ ಮನೆಯಲ್ಲಿದೆ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.