ಸಿ ಡ್ರೈವಿನಲ್ಲಿದ್ದ ಹಾಡು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದು ಬಸ್ಸು ಹತ್ತಿ ಇಳಿದು, ಮನೆಮನೆಯ ಕಂಪ್ಯೂಟರಿಗೆ ವಿಂಡೋಸ್ ಹಾಕಿ ಹಾಕಿ ಆ ವರ್ಷಗಳಲ್ಲಿ ನನಗೆ ಸಾಕುಸಾಕಾಗಿತ್ತು. ಎಲ್ಲ ಕಡೆಯೂ ಒಂದೇ ಕಥೆ. ಯಾರೋ ಪುಣ್ಯಾತ್ಮರು ಹಾರ್ಡ್‌ಡಿಸ್ಕನ್ನು ಪಾಲು ಮಾಡದೆ ಇಡಿಯಾಗಿ ಸಿ ಡ್ರೈವ್ ಮಾಡಿಟ್ಟಿರುತ್ತಿದ್ದರು. ವಿಂಡೋಸ್ ಅದರಲ್ಲೇ, ಫೋಟೊ ಅದರಲ್ಲೇ, ವೈರಸ್ಸೂ ಅದರಲ್ಲೇ. ಹೊಸದು ಹಾಕಬೇಕೆಂದರೆ ಎಲ್ಲ ಒರೆಸಬೇಕು. "ಒರೆಸಿ, ಆದ್ರೆ ಎಂತದೂ ಹೋಗ್ಬಾರ್ದು" ಎನ್ನುವವರಿಗೆ ಉತ್ತರ ಕೊಡುವಷ್ಟು ತಾಳ್ಮೆ ನನಗೆ ಎಂದೂ ಇರಲಿಲ್ಲ.

ಮೆಣಸೆ ಎಂಬ ಊರಿನ ಒಬ್ಬ ಅಮ್ಮ ಮಾತ್ರ ಹಾಗೆ ಹೇಳಲಿಲ್ಲ. "ಬೇರೆ ಎಲ್ಲ ಹೋದ್ರೂ ಅಡ್ಡಿಲ್ಲ ಮಾರಾಯ, ಅಕ್ಕನ ಹಾಡೊಂದು ಉಳಿಸಿಕೊಡು" ಎಂದರು. ತಾಯಿಯಿಲ್ಲದ ಅವರನ್ನು ಸಾಕಿದವಳು ಆ ಅಕ್ಕ. ಮದುವೆಯೊಂದರಲ್ಲಿ ಆಕೆ ಆರತಿ ಹಾಡು ಹೇಳಿದ್ದನ್ನು ನೆಂಟರು ವಿಡಿಯೊ ಮಾಡಿದ್ದರು. ಆಕೆ ತೀರಿಕೊಂಡ ಮೇಲೆ ಉಳಿದ ದನಿ ಅದೊಂದೇ. ಅದರ ಸೀಡಿಗೆ ಮಳೆಗಾಲದ ಥಂಡಿಯಲ್ಲಿ ಬೂಷ್ಟು ಹಿಡಿದಿತ್ತು; ಕಂಪ್ಯೂಟರಿಗೆ ಹಾಕಿಸಿಟ್ಟಿದ್ದ ಪ್ರತಿಯೊಂದೇ ಸಿ ಡ್ರೈವಿನಲ್ಲಿ ಉಳಿದಿತ್ತು. ವಿಡಿಯೊ ದೊಡ್ಡದು, ನನ್ನ ಪೆನ್‌ಡ್ರೈವಿನಲ್ಲಿ ಹಿಡಿಸಲಿಲ್ಲ.

ಉಳಿದ ದಾರಿ ಒಂದೇ. ಸಿ ಡ್ರೈವನ್ನು ಕುಗ್ಗಿಸಿ, ಪಕ್ಕದಲ್ಲಿ ಡಿ ಡ್ರೈವ್ ಮಾಡಿ, ಹಾಡನ್ನು ಅಲ್ಲಿಗೆ ದಾಟಿಸಿ, ಆಮೇಲೆ ಸಿ ಒರೆಸುವುದು. ಕುಗ್ಗಿಸುವಾಗ ಡಿಸ್ಕಿನಲ್ಲಿರುವುದೆಲ್ಲ ಜಾಗ ಬದಲಿಸುತ್ತದೆ. ನಡುವೆ ಕರೆಂಟ್ ಹೋದರೆ ಕಥೆ ಮುಗಿಯಿತು. ಯುಪಿಎಸ್ಸಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಲೈನ್‌ಮನ್ನಿಗೆ ಫೋನ್ ಮಾಡಿ, ಸಂಜೆಯವರೆಗೆ ಕರೆಂಟ್ ತೆಗೆಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಶುರುಮಾಡಿದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಮೇಲಿನ ಪಟ್ಟಿ ಬಸವನಹುಳುವಿನಂತೆ ಹರಿಯುತ್ತಿತ್ತು. ಕೂತು ಕೂತು ಬೆನ್ನು ಹಿಡಿದುಕೊಂಡಿತ್ತು. "ಕಂಪ್ಯೂಟರ್ ಮುಟ್ಬೇಡಿ ಅಮ್ಮ" ಎಂದು ಹೇಳಿ ಮುಖ ತೊಳೆಯಲು ಹಿತ್ತಿಲಿಗೆ ಹೋದೆ.

ಕೆರೆಕಟ್ಟೆ ಕಡೆಯ ಗುಡ್ಡದ ಮೇಲೆ ಗುಡುಗಿತು. ನಮ್ಮಲ್ಲಿ ಮೊದಲ ಗುಡುಗಿಗೇ ಟೀವಿ, ಫೋನು, ಎಲ್ಲದರ ವೈರು ಕೀಳುವುದು ರೂಢಿ. ಓಡಿ ಬಂದೆ. ಪರದೆ ಕಪ್ಪಾಗಿತ್ತು. ಅಮ್ಮ ಪ್ಲಗ್ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತಿದ್ದರು.

"ಸದ್ಯ, ಅಕ್ಕನ ಹಾಡು ಸುಟ್ಟೇ ಹೋಗ್ತಿತ್ತು! ಕಂಪ್ಯೂಟರ್ ಮುಟ್ಲಿಲ್ಲ ಮಾರಾಯ, ಗೋಡೆಯದ್ದು ಮಾತ್ರ ತೆಗ್ದೆ."

ಸಿಟ್ಟು ನೆತ್ತಿಗೇರಿತ್ತು. ಅವರ ಮುಖದಲ್ಲಿದ್ದ ಸಮಾಧಾನ ನೋಡಿ, ಕೈ ಚಾಚಿ ಪ್ಲಗ್ ಇಸಿದುಕೊಂಡೆ.

ಗುಡುಗು ದೂರವಾದ ಮೇಲೆ ಕಂಪ್ಯೂಟರ್ ಹಚ್ಚಿದೆ. ವಿಂಡೋಸ್ ಸೀಡಿಗೆ ಸಿ ಡ್ರೈವೇ ಕಾಣಲಿಲ್ಲ, ಇಡೀ ಡಿಸ್ಕು ಖಾಲಿ ಎಂದಿತು. ಹೋದದ್ದನ್ನು ಹುಡುಕಿ ಕೊಡುವ ಸಾಫ್ಟ್‌ವೇರ್ ಓಡಿಸಿದೆ. ಫೈಲಿನ ಹೆಸರು ಸಿಕ್ಕಿತು, ಒಳಗೆ ಹಾಡಿರಲಿಲ್ಲ.

"ಬಂತಾ?"

"ಇಲ್ಲಮ್ಮ. ಹೋಯ್ತು."

ಅವರು ಗೋಡೆಯ ಕಡೆ ನೋಡಿದರು. "ಪ್ಲಗ್ ತೆಗೀದೇ ಇದ್ದಿದ್ರೆ ಉಳೀತಿತ್ತಾ?"

ಸುಳ್ಳು ಹೇಳುವ ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

"ಗುಡುಗಿದ ಕೂಡ್ಲೆ ವೈರ್ ಕೀಳ್ಬೇಕು ಅಂತ ಬೈದು ಬೈದು ಕಲ್ಸಿದ್ದೇ ಅಕ್ಕ" ಎಂದರು ಅಮ್ಮ.

ಡಿಸ್ಕನ್ನು ಎರಡು ಪಾಲು ಮಾಡಿ ವಿಂಡೋಸ್ ಹಾಕಿಕೊಟ್ಟೆ. ಡಿ ಡ್ರೈವಿನಲ್ಲಿ ಇಡಲು ಏನೂ ಇರಲಿಲ್ಲ.