ಹೆಗಲೇರಿದ ಸಣ್ಣ ಕ್ಯಾಮೆರಾ

ಅವರ ಮುಖದ ಎಡಭಾಗಕ್ಕೆ ಬಲಭಾಗಕ್ಕಿಂತ ಹತ್ತು ವರ್ಷ ಹೆಚ್ಚು ವಯಸ್ಸಾದಂತೆ ಕಾಣುತ್ತಿತ್ತು. ಮೂವತ್ತು ವರ್ಷ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಎಡಗಣ್ಣನ್ನು ಬಿಗಿಯಾಗಿ ಮುಚ್ಚಿದ್ದರ ಫಲ ಅದು. ಎಡಗಣ್ಣಿನ ಸುತ್ತ ಬಿದ್ದ ಗೆರೆಗಳು ಕಿವಿಯವರೆಗೂ ಹರಡಿದ್ದವು. ಬಲಗೆನ್ನೆ ಮಾತ್ರ ಮದುಮಗನ ಕೆನ್ನೆಯಂತೆ ನುಣುಪು. ಯಾರಾದರೂ ಅವರದೇ ಫೋಟೋ ತೆಗೆಯಲು ಹೋದರೆ ಬಲಗೆನ್ನೆ ಮುಂದೆ ಮಾಡಿ ನಿಂತು, "ಈ ಕಡೀಲಿಂದ ತೆಗೀರಿ, ಇನ್ನೂ ಕನ್ಯಾ ಬರ್ತಾವ" ಎನ್ನುತ್ತಿದ್ದರು.

ಅವರು ನಮ್ಮ ಪತ್ರಿಕೆಯ ಕಲಬುರಗಿ ಬ್ಯೂರೊದ ಫೋಟೋಗ್ರಾಫರ್. ಮನೆ ಊರಿನ ರೋಜಾ ಬಡಾವಣೆಯಲ್ಲಿ. ಆಫೀಸಿನಲ್ಲಿ ಮುಖ್ಯಸ್ಥರಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರಿಗೂ ಅವರು ಚಾಚಾ. ನಾನು ಅಲ್ಲಿ ತಾತ್ಕಾಲಿಕ ವರದಿಗಾರನಾಗಿ ಸೇರಿದ ಮೊದಲ ವಾರವೇ ನನ್ನನ್ನು ಅವರ ಸ್ಕೂಟರಿನ ಹಿಂದಿನ ಸೀಟಿಗೆ ಹಚ್ಚಿದರು. ಸುದ್ದಿ ಬರೆಯುವುದನ್ನು ಬೇರೆಯವರು ಕಲಿಸಿದರು. ಸುದ್ದಿ ನೋಡುವುದನ್ನು ನಾನು ಆ ಸೀಟಿನ ಮೇಲೆ ಕುಳಿತು ಕಲಿತೆ.

ಕಾರ್ಯಕ್ರಮ ಹತ್ತಕ್ಕಿದ್ದರೆ ಚಾಚಾ ಒಂಬತ್ತಕ್ಕೇ ಹೋಗಿ ಜಾಗ ಹುಡುಕುತ್ತಿದ್ದರು. ಬೆಳಕು ಯಾವ ಕಿಟಕಿಯಿಂದ ಬರುತ್ತದೆ, ಯಾವ ಕಂಬ ಅಡ್ಡ ಬರುತ್ತದೆ, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. "ಫೋಟೋ ಅಂದ್ರ ಜಾಗಾ ಹಿಡಿಯೂದು ಬೇಟಾ. ಬಟನ್ ಯಾರರೆ ಒತ್ತತಾರ" ಎಂಬುದು ಅವರ ಮಾತು. ಫೋಟೋ ತೆಗೆದ ಮೇಲೆ ಅದರಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಎರಡು ಸಲ ಕೇಳಿ, ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದರು. ಆಫೀಸಿಗೆ ಬಂದು ಅಂಗೈ ಬಿಚ್ಚಿ ನನಗೆ ಓದಿ ಹೇಳಿ, ಆಮೇಲೆಯೇ ಕೈ ತೊಳೆಯುತ್ತಿದ್ದರು.

ಆ ವರ್ಷ ಪತ್ರಿಕೆಗೆ ವೆಬ್‌ಸೈಟ್ ಬಂದಿತ್ತು. ಅದಕ್ಕೆ ವಿಡಿಯೊ ಬೇಕು ಎಂದು ಮುಖ್ಯ ಕಚೇರಿಯಿಂದ ಆದೇಶ ಬಂತು. ಬ್ಯೂರೊ ಮುಖ್ಯಸ್ಥರು ಅದನ್ನು ಓದಿ ಹೇಳಿದಾಗ ನಾನೂ ಅಲ್ಲೇ ಇದ್ದೆ. "ಚಾಚಾ, ಇನ್ನು ಮ್ಯಾಲ ಫೋಟೋನೂ ವಿಡಿಯೊನೂ ಒಬ್ಬಾಂವೇ ತರಬೇಕಂತ. ಎರಡೂ ಬರೋರು ಖಾಯಂ ಇರ್ತಾರ. ಬರದಿದ್ದೋರು ಕರದಾಗಷ್ಟೇ ಬರೋದು, ತಿಂಗಳ ಪಗಾರ ಇಲ್ಲ. ತಿಂಗಳ ಕಡೀಗೆ ಹೆಸರು ಕಳಸಬೇಕು."

ಚಾಚಾರ ಕೈಯಲ್ಲಿದ್ದ ದೊಡ್ಡ ಕ್ಯಾಮೆರಾ ಹಳೆಯದು. ಅದರಲ್ಲಿ ವಿಡಿಯೊ ಬರುತ್ತಿರಲಿಲ್ಲ. ಆಫೀಸಿನವರು ಅಂಗಿ ಜೇಬಿನಲ್ಲಿ ಹಿಡಿಯುವಂಥ ಒಂದು ಸಣ್ಣ ಕ್ಯಾಮೆರಾ ಕೊಟ್ಟರು. ಅದರಲ್ಲಿ ವಿಡಿಯೊ ಬರುತ್ತಿತ್ತು. ಆದರೆ ಅದನ್ನು ಹಿಡಿದರೆ ಫೋಟೋ ಹೋಗುತ್ತಿತ್ತು, ಫೋಟೋಕ್ಕೆ ನಿಂತರೆ ವಿಡಿಯೊ ಹೋಗುತ್ತಿತ್ತು. ಇರುವುದು ಎರಡೇ ಕೈ. ಖಾಯಂ ಕೆಲಸ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆ ಎಂದು ಅವರು ನನ್ನೆದುರು ಒಮ್ಮೆಯೂ ಮಾತನಾಡಲಿಲ್ಲ. ಎರಡು ದಿನ ಆ ಸಣ್ಣ ಕ್ಯಾಮೆರಾವನ್ನು ತಿರುವಿ ತಿರುವಿ ನೋಡಿದರು. ಮೂರನೆಯ ದಿನ ಬೆಳಿಗ್ಗೆ ಆಫೀಸಿಗೆ ಬಂದವರೇ ಮೇಜಿನ ಮೇಲಿನ ಪೇಪರು ಸರಿಸಿ, ಚೀಲದಿಂದ ಒಂದು ವಿಚಿತ್ರ ವಸ್ತು ತೆಗೆದಿಟ್ಟರು.

ದೊಡ್ಡ ಕ್ಯಾಮೆರಾದ ನೆತ್ತಿಯ ಮೇಲೆ, ಫ್ಲಾಶ್ ಸಿಕ್ಕಿಸುವ ಜಾಗದಲ್ಲಿ, ಸಣ್ಣ ಕ್ಯಾಮೆರಾ ಕುಳಿತಿತ್ತು. ಕೆಟ್ಟುಹೋದ ಫ್ಲಾಶಿನ ಕಾಲನ್ನು ಕತ್ತರಿಸಿ, ರೋಜಾದ ಒಬ್ಬ ಲೇಥ್ ಕೆಲಸದವನಿಂದ ಅದಕ್ಕೊಂದು ಬೋಲ್ಟ್ ಕೂಡಿಸಿದ್ದರು. ಸಣ್ಣ ಕ್ಯಾಮೆರಾದ ತಳದ ತೂತಿಗೆ ಆ ಬೋಲ್ಟ್ ತಿರುಗಿಸಿ, ಕಾಲನ್ನು ದೊಡ್ಡದರ ನೆತ್ತಿಯ ಸಂದಿಯಲ್ಲಿ ಜಾರಿಸಿದರೆ ಮುಗಿಯಿತು. ದೊಡ್ಡದರ ಬಟನ್ ಒತ್ತಿದಾಗ ಆಗುವ ಅದುರು ವಿಡಿಯೊದಲ್ಲಿ ಬರಬಾರದೆಂದು ನಡುವೆ ಸೈಕಲ್ ಟ್ಯೂಬಿನ ತುಂಡು. ಮೇಲೆ ಕುಳಿತದ್ದು ಜನರ ನೆತ್ತಿಯನ್ನಷ್ಟೇ ನೋಡುತ್ತದೆಂದು ಅದರ ಹಿಂದಿನ ಅಂಚಿನ ಕೆಳಗೆ ಹವಾಯಿ ಚಪ್ಪಲಿಯ ರಬ್ಬರು ಒತ್ತಿ, ಮುಖ ಸ್ವಲ್ಪ ಕೆಳಗೆ ಬಾಗಿಸಿದ್ದರು.

"ಉರುಸಿನ್ಯಾಗ ಅಪ್ಪನ ಹೆಗಲ ಮ್ಯಾಲ ಮಗಾ ಕುಂತಿರ್ತದಲ್ಲ, ಹಂಗ" ಎಂದರು ಚಾಚಾ. "ಅಪ್ಪ ನಿಂತು ನೋಡ್ತಾನ, ಮಗಾ ಸುಮ್ಮನ ನೋಡಕೋತ ಇರ್ತದ. ಇಬ್ಬರದೂ ಜಿಯಾರತ್ ಆಯ್ತು, ದರ್ಗಾದ ದರ್ಶನ ಆಯ್ತು."

ಬಾಲ್ಕನಿಗೆ ಹೋಗಿ ರಸ್ತೆಯತ್ತ ಹಿಡಿದರು. ಫೋಟೋ ಬಂತು, ವಿಡಿಯೊನೂ ಬಂತು. ವಿಡಿಯೊದಲ್ಲಿ ಆಟೊಗಳ ಹಾರ್ನಿನ ನಡುವೆ ಆಗಾಗ ಖಟಕ್ ಎಂಬ ಸದ್ದು ಕೇಳಿಸುತ್ತಿತ್ತು, ಅಷ್ಟೇ. ಐವತ್ತೇಳು ವರ್ಷದ ಮನುಷ್ಯ ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿಕೊಂಡದ್ದನ್ನು ನಾನು ಅವತ್ತೇ ನೋಡಿದ್ದು. ನಮ್ಮ ಆಫೀಸಿನಲ್ಲಿ ಆ ದಿನ ಯಾರೂ ನೆಟ್ಟಗೆ ಕೆಲಸ ಮಾಡಲಿಲ್ಲ.

ನಿಜವಾದ ತೊಡಕು ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರ ನಡೆದ ಒಂದು ಸಭೆಯಲ್ಲಿ ಗೊತ್ತಾಯಿತು. ಭಾಷಣ ಮಾಡುವವರ ಚಿತ್ರ ಪತ್ರಿಕೆಯಲ್ಲಿ ಒಂದೇ ಕಾಲಂ ಅಗಲ ಬರುತ್ತದೆ. ಅದಕ್ಕೆ ಫೋಟೋಗ್ರಾಫರುಗಳು ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿಯುತ್ತಾರೆ. ಚಾಚಾರ ಕೈ ಮೂವತ್ತು ವರ್ಷ ಹಾಗೇ ತಿರುಗಿತ್ತು, ಅಂದೂ ತಿರುಗಿತು. ಹೆಗಲ ಮೇಲಿದ್ದದ್ದೂ ಜೊತೆಗೇ ತಿರುಗಿತು. ಆಫೀಸಿನ ಪರದೆಯ ಮೇಲೆ ನೋಡಿದರೆ ಭಾಷಣಕಾರರು ಪದೇಪದೇ ಅಡ್ಡ ಮಲಗುತ್ತಾರೆ, ಮತ್ತೆ ಎದ್ದು ಮಾತು ಮುಂದುವರಿಸುತ್ತಾರೆ.

ಪುಟ ಕಟ್ಟುವ ಹುಡುಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಚಾಚಾ, ಸಾಹೇಬ್ರಿಗೆ ಜ್ವರ ಏನ್ರೀ? ಕುಂದ್ರಲಾಕೇ ಆಗವಲ್ದು" ಎಂದಳು.

"ಭಾಷಣ ಕೇಳಿದ್ರ ನೀನೂ ಮಲಗ್ತಿದ್ದಿ" ಎಂದರು ಚಾಚಾ. ಆದರೆ ಮುಖ್ಯಸ್ಥರು ನಗಲಿಲ್ಲ. ತಿಂಗಳ ಕೊನೆಗೆ ಆರು ದಿನ ಉಳಿದಿತ್ತು. ಇನ್ನೊಂದೇ ವಿಡಿಯೊ ಕಳಿಸಿ ನೋಡೋಣ ಎಂದರು.

ಅಂದಿನಿಂದ ನನಗೊಂದು ಹೊಸ ಕೆಲಸ ಬಂತು. ಚಾಚಾರ ಬಲ ಮಗ್ಗುಲಲ್ಲಿ ನಿಂತು, ಅವರ ಮೊಣಕೈ ಮೇಲೇಳತೊಡಗಿದ ಕೂಡಲೇ ಕೆಳಗೆ ಒತ್ತಬೇಕು. "ಕೈ ನಂದು, ಆದ್ರ ನನ್ನ ಮಾತ ಕೇಳೂದಿಲ್ಲ. ನೀ ಹೇಳು ಅದಕ್ಕ" ಎಂದಿದ್ದರು.

ಎರಡು ದಿನದ ನಂತರ ಕಮಲಾಪುರದಿಂದ ಫೋನು ಬಂತು. ಕೆಂಪು ಬಾಳೆಯ ತೋಟದ ಬಾವಿಗೆ ಎಮ್ಮೆ ಬಿದ್ದಿದೆ, ಅಗ್ನಿಶಾಮಕದವರು ಬಂದಿದ್ದಾರೆ, ಜೆಸಿಬಿ ಬರುತ್ತಿದೆ. ತಾಜಸುಲ್ತಾನಪುರದ ನನ್ನ ಮನೆ ಮುಂದೆ ಚಾಚಾರ ಸ್ಕೂಟರು ನಿಲ್ಲಲೂ ಇಲ್ಲ, ನಾನು ಓಡುತ್ತಲೇ ಹತ್ತಿದೆ.

ಬಾವಿ ಆಳವಿತ್ತು. ಕೆಳಗೆ ಎಮ್ಮೆಯ ಮೂಗು, ಕೊಂಬು ಮಾತ್ರ ಕಾಣುತ್ತಿದ್ದವು. ಎಮ್ಮೆಯ ಒಡತಿ ಸೀರೆ ಕಚ್ಚೆ ಕಟ್ಟಿ ಬಾವಿಯ ದಂಡೆಯಲ್ಲೇ ಕುಳಿತಿದ್ದಳು. "ಎಂಟು ತಿಂಗಳ ಗಬ್ಬ ಅದ ರೀ ಅದು. ಹೊಟ್ಟೀಗೆ ಬೆಲ್ಟ್ ಬಿಗೀಬ್ಯಾಡ್ರಿ" ಎಂದು ಅಗ್ನಿಶಾಮಕದವರಿಗೆ ಹೇಳುತ್ತಿದ್ದವಳು ನಮ್ಮನ್ನು ನೋಡಿ, "ನೀವ್ಯಾರು? ಫೋಟೋದವ್ರಾ? ಆಮ್ಯಾಲ ತೆಗೀರಿ, ಮೊದಲ ಹಗ್ಗ ಹಿಡೀರಿ" ಎಂದು ಗದರಿದಳು.

"ಅಕ್ಕಾ, ನಾ ಹಿಡಿದ್ರ ಹಗ್ಗದ ಜೋಡಿ ನಾನೂ ಬಾವ್ಯಾಗ ಹೋಗ್ತೀನಿ" ಎಂದರು ಚಾಚಾ. ಆಕೆ ಆ ಗಾಬರಿಯಲ್ಲೂ ನಕ್ಕಳು.

ಮೊದಲ ಸಲ ಎತ್ತಿದಾಗ ಬೆಲ್ಟು ಜಾರಿ ಎಮ್ಮೆ ಮತ್ತೆ ನೀರಿಗೆ ಬಿತ್ತು. ಸುತ್ತ ನಿಂತವರೆಲ್ಲ ಒಮ್ಮೆಲೇ ಉಸಿರು ಹಿಡಿದರು. ಒಬ್ಬ ಸಿಬ್ಬಂದಿ ಮತ್ತೆ ಇಳಿದು, ಮುಂಗಾಲಿನ ಹಿಂದೆ ಒಂದು, ಹಿಂಗಾಲಿನ ಮುಂದೆ ಒಂದು ಬೆಲ್ಟು ಹಾಕಿ ಮೇಲೆ ಬಂದ. ಅಲ್ಲಿಯವರೆಗೆ ವಿಡಿಯೊ ನೆಟ್ಟಗೆ, ಅಚ್ಚುಕಟ್ಟಾಗಿ ಬರುತ್ತಿತ್ತು. ನನ್ನ ಕೈ ಚಾಚಾರ ಮೊಣಕೈ ಮೇಲಿತ್ತು.

ಎರಡನೆಯ ಸಲ ಎಮ್ಮೆ ಮೇಲೇಳಿತು. ಕೆಳಗೆ ಕಪ್ಪು ಬಾವಿ, ನಡುವೆ ನೀರು ಸುರಿಯುತ್ತ ತೂಗಾಡುವ ಎಮ್ಮೆ, ಮೇಲೆ ಜೆಸಿಬಿಯ ಹಳದಿ ತೋಳು, ದಂಡೆಯಿಂದ ಹಸಿ ಹುಲ್ಲು ಚಾಚಿದ ಆ ಹೆಂಗಸಿನ ಕೈ. ಬಾವಿಯಷ್ಟೇ ಉದ್ದದ ಚಿತ್ರ ಅದು. ಅಡ್ಡ ಹಿಡಿದರೆ ಅರ್ಧವೂ ಬರುವುದಿಲ್ಲ ಎಂದು ನನಗೂ ಕಾಣುತ್ತಿತ್ತು. ಚಾಚಾರ ಮೊಣಕೈ ಎದ್ದಿತು. ನಾನು ಒತ್ತಿದೆ.

"ಬಿಡು."

"ಚಾಚಾ, ವಿಡಿಯೊ ಹೋಗ್ತದ."

"ಫೋಟೋ ಹೋಗ್ಲಾಕತ್ತದ, ಬಿಡು."

ಹೋಗುವುದು ವಿಡಿಯೊ ಅಷ್ಟೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಕೈ ತೆಗೆಯಲಿಲ್ಲ. ಆಗ ಅವರ ಎಡಗೈ ಕ್ಯಾಮೆರಾದ ನೆತ್ತಿಗೆ ಹೋಯಿತು. ಸಣ್ಣ ಕ್ಯಾಮೆರಾವನ್ನು ಒಂದೇ ಎಳೆತಕ್ಕೆ ಸಂದಿಯಿಂದ ಜಾರಿಸಿ, ಚಪ್ಪಲಿಯ ರಬ್ಬರಿನ ಸಮೇತ ನನ್ನ ಕೈಗಿಟ್ಟರು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. "ಅಡ್ಡ ಹಿಡಿ. ನಡುವ ನಿಲ್ಲಸಬ್ಯಾಡ" ಎಂದವರೇ ದೊಡ್ಡ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದರು.

ಹಿಡಿದೆ. ಎಮ್ಮೆ ದಂಡೆ ದಾಟಿತು, ನೆಲ ಮುಟ್ಟಿತು, ಮುಂಗಾಲು ಮಡಚಿ ಬಿತ್ತು, ಮತ್ತೆ ಎದ್ದಿತು. ಮೈ ಕೊಡವಿ ಹತ್ತಾರು ಜನರನ್ನು ತೋಯಿಸಿತು. ಒಡತಿ ಅದರ ಕೊರಳಿಗೆ ಜೋತುಬಿದ್ದು, "ನೀರು ಕುಡೀಲಾಕ ನಿನಗ ಬಾವೀನೇ ಬೇಕಿತ್ತೇನ ಖೋಡಿ" ಎಂದು ಬೈಯುತ್ತ ಅಳುತ್ತಿದ್ದಳು. ಅದೂ ವಿಡಿಯೊದಲ್ಲಿ ಬಂತು. ನನ್ನ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ, ಅದರ ಸದ್ದೂ ಬಂದಿರಬಹುದೆಂದು ಆಮೇಲೆ ಕಿವಿಗೊಟ್ಟು ಕೇಳಿದೆ.

ಸಂಜೆ ಆಫೀಸಿನಲ್ಲಿ ಮುಖ್ಯಸ್ಥರು ವಿಡಿಯೊವನ್ನು ಮೂರು ಸಲ ಹಾಕಿಸಿ ನೋಡಿದರು. ಫೋಟೋ ಮೊದಲ ಪುಟಕ್ಕೆ ಹೋಯಿತು. "ಇಷ್ಟ ಸಾಕು ಚಾಚಾ. ಎರಡೂ ನೀವ ತೆಗದೀರಿ ಅಂತ ಬರದು ಹೆಸರು ಕಳಸ್ತೀನಿ" ಎಂದರು. ನಾನು ಹೌದೆಂದು ಜೋರಾಗಿ ತಲೆಯಾಡಿಸಿದೆ.

"ವಿಡಿಯೊ ಅರ್ಧಷ್ಟೇ ನಂದು" ಎಂದರು ಚಾಚಾ. "ಎಮ್ಮಿ ಮ್ಯಾಲ ಬಂದದ್ದು ಇವನು ತೆಗದದ್ದು."

ಮುಖ್ಯಸ್ಥರು ದನಿ ಇಳಿಸಿದರು. "ಖಾಯಂ ಜಾಗಾ ಇರೂದು ಒಂದೇ. ಹಂಗ ಬರದ್ರ ಏನಾಗ್ತದ ಗೊತ್ತದಲ್ರೀ?"

"ಗೊತ್ತದ. ಫೋಟೋದ ಕೆಳಗ ಹೆಸರು ತಪ್ಪಿದ್ರ ಮರುದಿನ ನೀವೇ ತಿದ್ದುಪಡಿ ಹಾಕ್ತೀರಿ. ವಿಡಿಯೊಕ್ಕ ಬ್ಯಾರೆ ಕಾನೂನು ಅದನ?"

ಮುಂದಿನ ತಿಂಗಳು ಎರಡು ಪತ್ರ ಬಂದವು. ವಿಡಿಯೊ ವರದಿಗಾರನಾಗಿ ಖಾಯಂ ಆದೆನೆಂದು ನನಗೆ. ಕರೆದಾಗ ಬರಬೇಕೆಂದು ಅವರಿಗೆ. ಚಾಚಾ ನನ್ನ ಪತ್ರವನ್ನು ನನಗಿಂತ ಮೊದಲು ಓದಿ, ಕಚೇರಿಗೆಲ್ಲ ಪೇಢೆ ಹಂಚಿದರು. ಆಮೇಲೆಯೂ ಏಳೆಂಟು ವರ್ಷ ಕರೆದಾಗ ಬಂದರು. ಪ್ರತಿ ಸಲವೂ ಒಂದು ತಾಸು ಮೊದಲೇ. ಒಮ್ಮೆ ರೋಜಾದ ಹೋಟೆಲಿನಲ್ಲಿ ಚಹಾ ಕುಡಿಯುವಾಗ, ಅವತ್ತು ಸುಮ್ಮನಿರಬಹುದಿತ್ತಲ್ಲ ಎಂದು ಕೇಳಿದೆ. "ಸುಮ್ಮನಿದ್ದಿದ್ರ ದಿನಾ ನಿನ್ನ ಮಾರಿ ಹ್ಯಾಂಗ ನೋಡ್ತಿದ್ದೆ? ಮೊದಲೇ ಚಂದ ಇಲ್ಲ ಅದು" ಎಂದು ನಕ್ಕುಬಿಟ್ಟರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಿಧನವಾರ್ತೆಯನ್ನು ನಾನೇ ಬರೆದೆ: ವಯಸ್ಸು, ಮನೆ, ಮಕ್ಕಳು, ಸೇವೆಯ ವರ್ಷಗಳು. ಕೊನೆಗೆ ಒಂದು ವಾಕ್ಯ ಸೇರಿಸಿದ್ದೆ. ಅವರು ನಿಜ ಹೇಳಿ ಕಳೆದುಕೊಂಡ ಕೆಲಸವನ್ನು ಈ ವರದಿಗಾರ ಇಂದಿಗೂ ಮಾಡುತ್ತಿದ್ದಾನೆ ಎಂದು. ಬೆಳಿಗ್ಗೆ ನೋಡಿದರೆ ಆ ವಾಕ್ಯ ಇರಲಿಲ್ಲ. ಜಾಗ ಸಾಲಲಿಲ್ಲ ಎಂದರು ಡೆಸ್ಕಿನವರು. ನಿಧನವಾರ್ತೆಗೆ ಕೊಡುವ ಜಾಗ ನನಗೂ ಗೊತ್ತು, ವಾದಿಸಲಿಲ್ಲ. ಆ ಒಂದು ವಾಕ್ಯವನ್ನೇ ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.