ತೂತಿನ ಮೈದಾನದಲ್ಲಿ ಟೈಲರಮ್ಮನ ಗಂಡ

ಟೈಲರಮ್ಮನ ಗಂಡ ಬಸ್ಸು ಓಡಿಸುತ್ತಿದ್ದ ಗಟ್ಟಿ ಆಳು. ಲಕ್ವ ಹೊಡೆದು ಎಡಗಾಲು ಸೌದೆಯಂತಾಯಿತು. “ದಿನಾ ಸಮನೆಲದ ಮೇಲೆ ನಡೆಸಮ್ಮ, ಇಲ್ಲದಿದ್ರೆ ಹಾಸಿಗೆಯೇ ಗತಿ,” ಎಂದು ಡಾಕ್ಟರು ಕೈತೊಳೆದುಕೊಂಡರು. ಸಮನೆಲ ಎಲ್ಲಿಂದ ತರುವುದು? ಅವರ ಬೀದಿಯಲ್ಲಿ ಚರಂಡಿಯ ಒಂದು ಕಲ್ಲು ಹಲ್ಲು ಕಿರಿದರೆ ಇನ್ನೊಂದು ಬಾಯಿ ಬಿಟ್ಟಿತ್ತು. ಉಳಿದ ಜಾಗವೆಲ್ಲ ಸ್ಕೂಟರುಗಳದ್ದು.

ಬೀದಿ ಮುಗಿದಲ್ಲಿ ಗೋಡೆ, ಗೋಡೆಯಾಚೆ ಗಾಲ್ಫ್ ಮೈದಾನ. ಕಣ್ಣು ಹಾಯುವಷ್ಟು ಹುಲ್ಲು. ಬೀದಿಯ ನಲ್ಲಿ ಬರೀ ಕೆಮ್ಮುತ್ತಿದ್ದಾಗಲೂ ಆ ಹುಲ್ಲಿಗೆ ಎರಡು ಹೊತ್ತು ಸ್ನಾನ. ಇಷ್ಟೆಲ್ಲ ಯಾತಕ್ಕೆ? ಹೊಟ್ಟೆ ಬಂದ ನಾಲ್ಕು ಜನ ನಿಂಬೆಹಣ್ಣಿನಷ್ಟು ಚೆಂಡನ್ನು ಲೋಟದಷ್ಟು ತೂತಿಗೆ ತಳ್ಳಿ, ರಾಜ್ಯ ಗೆದ್ದವರಂತೆ ಬೀಗುವುದಕ್ಕೆ.

ಟೈಲರಮ್ಮ ಗಂಡನನ್ನು ಒಳಗೆ ಕರೆದೊಯ್ದ ದಿನವೇ ಗೇಟಿನ ಕಾವಲುಗಾರ ಇಬ್ಬರನ್ನೂ ನಾಯಿ ಅಟ್ಟಿದಂತೆ ಅಟ್ಟಿದ. ಆಕೆಗೆ ಪಿತ್ತ ನೆತ್ತಿಗೇರಿತು. ಆ ಹೊಟ್ಟೆಗಳ ಪ್ಯಾಂಟು ಸಡಿಲಿಸಿ ಕೊಡುತ್ತಿದ್ದವಳೇ ಅವಳು. ಅವರದೇ ಧಾಟಿಯಲ್ಲಿ ಗಂಡನಿಗೊಂದು ಬಿಳಿ ಪ್ಯಾಂಟು, ಟೋಪಿ ಹೊಲಿದಳು. ಗುಜರಿ ಅಂಗಡಿಯಿಂದ ಹಳೆಯ ಗಾಲ್ಫ್ ಕೋಲು ತಂದು ಊರುಗೋಲಾಗಿ ಕೊಟ್ಟಳು. ತಾನು ಚೀಲ ಹೊರುವ ಆಳಿನಂತೆ ಪಕ್ಕದಲ್ಲಿ ನಡೆದಳು. ಅದೇ ಕಾವಲುಗಾರ ಸೆಲ್ಯೂಟ್ ಹೊಡೆದ!

“ಮನುಷ್ಯ ಕಾಣಲ್ಲ ಕಣ್ರೀ ಇವನಿಗೆ, ಇಸ್ತ್ರಿ ಕಾಣ್ತದೆ.”

“ನಗಿಸ್ಬೇಡ ಕಣೇ, ಬಿದ್ದುಬಿಡ್ತೀನಿ.”

ದಿನಾ ಬೆಳಿಗ್ಗೆ ಕೋಲೂರಿ, ಹೆಂಡತಿಯ ಹೆಗಲು ಹಿಡಿದು ಕಾಲೆಳೆದ. ಕಾಲಿಗೆ ನಿಧಾನವಾಗಿ ಬುದ್ಧಿ ಬರತೊಡಗಿತು. ಅಷ್ಟರಲ್ಲಿ ಒಂದು ದಿನ ಕ್ಲಬ್ಬಿನ ಕಾರ್ಯದರ್ಶಿ ಎದುರಾದ.

“ಯಾರ್ರೀ ನೀವು? ಚೆಂಡೆಲ್ಲಿ?”

“ಚೆಂಡು ನೀವೇ ಇಟ್ಕೊಳ್ಳಿ ಸ್ವಾಮಿ, ನಮಗೆ ಕಾಲು ಬೇಕು,” ಎಂದಳು ಟೈಲರಮ್ಮ.

“ಇದೇನು ಆಸ್ಪತ್ರೆನಾ?”

“ಆಗಿದ್ರೆ ಭೂಮಿಗೂ ಮರ್ಯಾದೆ ಇರ್ತಿತ್ತು. ಒಂದು ಮೂಲೆ ಬಿಟ್ಕೊಡಿ, ನಮ್ಮ ಬೀದಿ ಮುದುಕರು ನಡೀತಾರೆ, ಬಸುರಿಯರು ಗಾಳಿ ತಗೋತಾರೆ, ಮಕ್ಕಳು ಓಡ್ತಾವೆ. ನಿಮ್ಮ ತೂತಿಂದ ಯಾರ ಹೊಟ್ಟೆ ತುಂಬ್ತು?”

ಕಾರ್ಯದರ್ಶಿ ಕಾವಲುಗಾರನನ್ನು ಕೂಗಿ ಕರೆದ. “ಈ ಕುಂಟನ್ನ ಆಚೆ ಹಾಕು. ಕಾಲೆಳೆದೂ ಎಳೆದೂ ಹುಲ್ಲು ಹಾಳು ಮಾಡಿದಾನೆ.”

ಗಂಡನ ಕಿವಿ ಕೆಂಪಾಯಿತು. “ಥೂ, ನಿನ್ನ ಹುಲ್ಲಿಗಿಷ್ಟು!” ಎಂದವನೇ ಕೋಲನ್ನು ಕಾರ್ಯದರ್ಶಿಯ ಕಾಲಬುಡಕ್ಕೆ ಬಿಸುಟು, ಹೆಂಡತಿಯ ಹೆಗಲನ್ನೂ ಮರೆತು, ಓಲಾಡುತ್ತ, ಬೈಯುತ್ತ ಗೇಟಿನತ್ತ ಹೊರಟೇಬಿಟ್ಟ.

“ರೀ, ನಿಲ್ರೀ! ನಾನೂ ಬರ್ತೀನಿ!”

ಟೈಲರಮ್ಮ ಚೀಲ ಎತ್ತಿಕೊಂಡು ಓಡಿದಳು. ಗಂಡ ಆಗಲೇ ಗೇಟು ದಾಟಿದ್ದ.